ಹಡಗಿನ ಊಟಕ್ಕೆ ಕಸ್ತೂರಬಾ ಉಟ್ಟ ಸೀರೆ

ನನ್ನ ಚಿಕ್ಕಮ್ಮನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಎರಡು ವರ್ಷದಿಂದ ಒಂದು ಪ್ರವಾಸಿ ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾನೆ. ಕಳೆದ ಸಲ ರಜೆಯಲ್ಲಿ ಉಡುಪಿಗೆ ಬಂದಿದ್ದಾಗ, ಹಡಗು ಹತ್ತಿದ ಮೊದಲ ದಿನ ಪ್ರಯಾಣಿಕರು ಅತಿ ಹೆಚ್ಚು ಕೇಳುವ ಪ್ರಶ್ನೆ ಯಾವುದು ಗೊತ್ತೇ ಎಂದ. ಸಮುದ್ರದ ಬಗ್ಗೆಯೋ ವಾಂತಿಯ ಮಾತ್ರೆಯ ಬಗ್ಗೆಯೋ ಇರಬೇಕು ಎಂದುಕೊಂಡೆ. ಅಲ್ಲ. ‘ರಾತ್ರಿ ಊಟಕ್ಕೆ ಏನು ಹಾಕಿಕೊಂಡು ಬರಬೇಕು?’ ವಾರದ ಪ್ರವಾಸದಲ್ಲಿ ಒಂದೋ ಎರಡೋ ರಾತ್ರಿ ‘ಫಾರ್ಮಲ್ ನೈಟ್’ ಇರುತ್ತದಂತೆ. ಅಂದು ಚಡ್ಡಿ, ಹವಾಯಿ ಚಪ್ಪಲಿಗೆ ಪ್ರವೇಶವಿಲ್ಲ.

‘ನಿಮ್ಮ ಕಥೆ ಏನೋ?’ ಎಂದು ಕೇಳಿದೆ. ‘ನಮಗೇನಕ್ಕ ಚಿಂತೆ, ಯೂನಿಫಾರ್ಮ್ ಅವರೇ ಕೊಡ್ತಾರೆ. ಆಯ್ಕೆ ಇದ್ದವರಿಗೆ ಕಷ್ಟ’ ಎಂದು ನಕ್ಕ.

ಆ ದಿನಗಳಲ್ಲಿ ನಾನು ಪಿಎಚ್‌.ಡಿ. ಕೆಲಸಕ್ಕಾಗಿ ಗಾಂಧಿಯವರ ಆತ್ಮಕಥೆಯನ್ನು ಎರಡನೇ ಸಲ ಓದುತ್ತಿದ್ದೆ. ಮೊದಲ ಸಲ ಓದಿದ್ದು ಹೈಸ್ಕೂಲಿನಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕನ್ನಡದಲ್ಲಿ, ಪ್ರಬಂಧ ಸ್ಪರ್ಧೆಗೋಸ್ಕರ. ಆಗ ಮನಸ್ಸಿನಲ್ಲಿ ಉಳಿದದ್ದು ಎಲ್ಲರಿಗೂ ಉಳಿಯುವ ಪ್ರಸಂಗಗಳೇ: ಕದ್ದು ತಿಂದ ಮಾಂಸ, ತಂದೆಯ ಕೊನೆಯ ರಾತ್ರಿ, ಮಾರಿತ್ಸ್‌ಬರ್ಗ್ ರೈಲು ನಿಲ್ದಾಣ. ಈ ಸಲ ತಮ್ಮನ ಮಾತು ಕಿವಿಯಲ್ಲಿ ಇದ್ದದ್ದಕ್ಕೋ ಏನೋ, ಹಡಗು ಬಂದಲ್ಲೆಲ್ಲ ಓದು ನಿಧಾನವಾಯಿತು. ಪ್ರತಿ ಹಡಗಿನಲ್ಲೂ ಒಂದು ಊಟದ ಮೇಜು, ಅದರ ಸುತ್ತ ಒಂದು ಬಟ್ಟೆಯ ಕಥೆ.

ಆ ಕಾಲದ ಹಡಗಿನ ಊಟವೆಂದರೆ ಏನು ಎಂಬುದನ್ನು ಮೊದಲು ಹೇಳಬೇಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ಇಂಗ್ಲೆಂಡಿಗೆ ಹೋಗುವುದು ಕೆಲವೇ ವಾರಗಳ ಮಾತಾಯಿತು. ಅಷ್ಟು ದಿನ ನೂರಾರು ಅಪರಿಚಿತರು ಒಂದೇ ಸೂರಿನಡಿ ಇರಬೇಕು. ಯಾರು ಯಾರಿಗೆ ಸಮ ಎಂಬುದು ತೀರ್ಮಾನವಾಗುತ್ತಿದ್ದದ್ದು ಎರಡು ಕಡೆ: ಟಿಕೆಟ್ಟಿನಲ್ಲಿ, ಮತ್ತು ರಾತ್ರಿಯ ಊಟದಲ್ಲಿ. ಮೊದಲ ದರ್ಜೆಯ ಗಂಡಸರು ಊಟಕ್ಕೆಂದೇ ಕಪ್ಪು ಕೋಟು, ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ಹೆಂಗಸರು ಸಂಜೆಯ ಗೌನು. ಬಾಲದ ಕೋಟಿನ ಜಾಗಕ್ಕೆ ಗಿಡ್ಡ ‘ಡಿನ್ನರ್ ಜಾಕೆಟ್’ ಬಂದದ್ದು 1880ರ ದಶಕದ ಆಸುಪಾಸಿನಲ್ಲಿ. ಬಂದರು ಬಿಟ್ಟ ಮೊದಲ ರಾತ್ರಿ ಮಾತ್ರ ರಿಯಾಯಿತಿ, ಪೆಟ್ಟಿಗೆ ಬಿಚ್ಚಿರುವುದಿಲ್ಲವಲ್ಲ. ಪೆಟ್ಟಿಗೆಗಳಲ್ಲೂ ಎರಡು ಜಾತಿ. ದಾರಿಯಲ್ಲಿ ಬೇಕಾದವಕ್ಕೆ ಒಂದು ಚೀಟಿ, ಬೇಡವಾದವಕ್ಕೆ ಇನ್ನೊಂದು. ಬೇಡದವು ನೇರ ಹಡಗಿನ ಹೊಟ್ಟೆಗೆ. ಊಟದ ಕೋಟನ್ನು ತಪ್ಪು ಪೆಟ್ಟಿಗೆಯಲ್ಲಿ ಇಟ್ಟವನ ಪಾಡು ಊಹಿಸಿಕೊಳ್ಳಿ.

ಕೆಂಪು ಸಮುದ್ರದ ಸೆಕೆಗೆ ಈ ಶಿಸ್ತೂ ಸ್ವಲ್ಪ ಬೆವರಿತು. ಕೋಟು ಬಿಟ್ಟು, ಬಿಳಿ ಅಂಗಿ, ಕಪ್ಪು ಪ್ಯಾಂಟು, ಸೊಂಟಕ್ಕೊಂದು ಅಗಲ ಪಟ್ಟಿ ಕಟ್ಟಿಕೊಂಡು ಊಟಕ್ಕೆ ಬರುವ ವೇಷಕ್ಕೆ ಇಂದಿಗೂ ‘ರೆಡ್ ಸೀ ರಿಗ್’ ಎಂದು ಹೆಸರು. ಆ ಪಟ್ಟಿಯೇ ಕಮರ್‌ಬಂದ್, ಬ್ರಿಟಿಷ್ ಅಧಿಕಾರಿಗಳು ನಮ್ಮ ದೇಶದಲ್ಲಿ ಕಂಡು ಕಲಿತದ್ದು. ಸಾಹೇಬರ ಊಟದ ಉಡುಪಿನ ನಡುವಿಗೇ ಹಿಂದೂಸ್ತಾನದ ಒಂದು ತುಂಡು ಸುತ್ತಿಕೊಂಡಿತ್ತು. ಅದನ್ನು ಯಾರೂ ಅನಾಗರಿಕ ಎನ್ನಲಿಲ್ಲ.

ಇನ್ನು, ಆ ಮೇಜುಗಳಿಗೆ ತಟ್ಟೆ ತಂದಿಡುತ್ತಿದ್ದವರು? ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಅವರು ಬಹುಮಟ್ಟಿಗೆ ಗೋವಾದ ಕ್ರೈಸ್ತರು. ದನ, ಹಂದಿ, ಹೆಂಡ ಯಾವುದನ್ನು ಮುಟ್ಟಲೂ ಅವರಿಗೆ ಧರ್ಮದ ತಕರಾರಿರಲಿಲ್ಲ. ಬಟ್ಟೆ ಕಂಪನಿಯದ್ದು. ಯಾವುದು ತೊಡಬೇಕು ಎಂಬ ಪ್ರಶ್ನೆ ಅವರಿಗೂ ಇರಲಿಲ್ಲ, ನನ್ನ ತಮ್ಮನಿಗೆ ಇಲ್ಲದ ಹಾಗೆ.

ಇಂಥ ಒಂದು ಹಡಗನ್ನು, ಪಿ ಅಂಡ್ ಒ ಕಂಪನಿಯ ‘ಕ್ಲೈಡ್’ ಅನ್ನು, 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹದಿನೆಂಟರ ಮೋಹನದಾಸ ಹತ್ತಿದ. ಸ್ನೇಹಿತರು ಹೊಲಿಸಿಕೊಟ್ಟ ಬಟ್ಟೆಗಳಲ್ಲಿ ಕೆಲವು ಅವನಿಗೆ ಹಿಡಿಸಿದ್ದವು, ಕೆಲವು ಇಲ್ಲ. ಟೈ ಕಂಡರೆ ಅಸಹ್ಯ. ಗಿಡ್ಡ ಜಾಕೆಟ್ಟು ಅವನ ಕಣ್ಣಿಗೆ ಮರ್ಯಾದೆಗೆಟ್ಟ ಉಡುಪು. ಉದ್ದನೆಯ ಅಂಗರಖ ಕಂಡು ಬೆಳೆದವನಿಗೆ ಸೊಂಟದ ಮಟ್ಟಕ್ಕೇ ಮುಗಿದುಹೋಗುವ ಕೋಟು ಅರ್ಧ ಬೆತ್ತಲೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಂದೆ ಮೊಣಕಾಲ ಮೇಲಿನ ತುಂಡು ಪಂಚೆಯಲ್ಲೇ ಜಗತ್ತು ಗುರುತಿಸಿದ ಮನುಷ್ಯ ಈತನೇ ಎಂಬುದನ್ನು ನೆನೆದರೆ ನಗು ಬರುತ್ತದೆ.

ಎರಡನೇ ದರ್ಜೆಯಲ್ಲಿ ಜುನಾಗಢದ ವಕೀಲ ಮಜುಂದಾರ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಇಂಗ್ಲಿಷರು. ಹುಡುಗ ಕಪ್ಪು ಸೂಟು ತೊಟ್ಟಿದ್ದ, ಅಂದರೆ ಉಡುಪಿನ ಲೆಕ್ಕದಲ್ಲಿ ಪಾಸು. ಆದರೂ ಊಟದ ಮೇಜಿಗೆ ಹೋಗಲೇ ಇಲ್ಲ. ಚಾಕು ಫೋರ್ಕು ಹಿಡಿಯಲು ಬರದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಸ್ಟೀವರ್ಡನನ್ನು ಕೇಳಲು ಬಾಯಿ ಬಾರದು. ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದುಕೊಂಡು ಕೋಣೆಯಲ್ಲೇ ಉಳಿದೆ ಎಂದು ಆತ್ಮಕಥೆ ಹೇಳುತ್ತದೆ. ಹಿರಿಯ ಇಂಗ್ಲಿಷ್ ಪ್ರಯಾಣಿಕನೊಬ್ಬ ಕರುಣೆಯಿಂದ ಮಾತಾಡಿಸಿ, ಮೇಜಿಗೆ ಬಾ ಎಂದ. ಮಾಂಸ ಬೇಡವೆನ್ನುವುದು ಇಲ್ಲಿಯವರೆಗೆ ಸರಿ, ಬಿಸ್ಕೇ ಕೊಲ್ಲಿ ಬರಲಿ, ಆಗ ನಿನ್ನ ನಿರ್ಧಾರ ಬದಲಾಗುತ್ತದೆ ಎಂದ. ಕೊಲ್ಲಿ ಬಂತು, ಹೋಯಿತು, ಏನೂ ಆಗಲಿಲ್ಲ. ಮಾಂಸ ಮುಟ್ಟಲಿಲ್ಲವೆಂದು ಪ್ರಮಾಣಪತ್ರ ಬರೆಸಿಕೊಳ್ಳಬೇಕೆಂದು ಯಾರೋ ಹೇಳಿದ್ದರಂತೆ. ಹುಡುಗ ಅದನ್ನೂ ಬರೆಸಿಕೊಂಡ. ತಿಂದವರಿಗೂ ಅಂಥ ಪತ್ರ ಸಿಗುತ್ತದೆ ಎಂದು ಆಮೇಲೆ ತಿಳಿದಾಗ ಅದರ ಬೆಲೆ ಹೋಯಿತು.

ಇಳಿಯುವ ದಿನ ಇನ್ನೊಂದು ಎಡವಟ್ಟು. ದಡಕ್ಕೆ ಕಾಲಿಡುವಾಗ ಚೆನ್ನಾಗಿ ಕಾಣಲಿ ಎಂದು ಬಿಳಿ ಫ್ಲ್ಯಾನೆಲ್ ಸೂಟನ್ನು ಪ್ರಯಾಣದುದ್ದಕ್ಕೂ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ. ಇಳಿದು ನೋಡಿದರೆ ಇಡೀ ಬಂದರಿನಲ್ಲಿ ಬಿಳಿ ಬಟ್ಟೆಯವನು ತಾನೊಬ್ಬನೇ. ಪೆಟ್ಟಿಗೆಗಳು ಏಜೆಂಟರ ವಶದಲ್ಲಿ, ಮರುದಿನ ಭಾನುವಾರ. ಬದಲಿಸಲು ಬಟ್ಟೆಯಿಲ್ಲ. ಮುಂದೆ ಲಂಡನ್ನಿನಲ್ಲಿ ಹತ್ತು ಪೌಂಡು ಸುರಿದು ಬಾಂಡ್ ಸ್ಟ್ರೀಟಿನಲ್ಲಿ ಸಂಜೆಯ ಸೂಟು ಹೊಲಿಸಿದ್ದು, ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಟೈ ಸರಿಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ಯೌವನದ ಹುಚ್ಚು ಎಂದು ನಾವು ಓದುತ್ತೇವೆ. ನನಗೆ ಅದರ ಹಿಂದೆ ಈ ಎರಡು ದಿನಗಳ ಬಿಳಿ ಫ್ಲ್ಯಾನೆಲ್ ಕಾಣುತ್ತದೆ. ಹಿಂದಿರುಗಿದ ಕೆಲವು ವರ್ಷಗಳಲ್ಲೇ ಅವರು ಲಂಡನ್ನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆಂದು ಒಂದು ಕೈಪಿಡಿ ಬರೆದರು. ಸಮಗ್ರ ಕೃತಿಗಳ ಮೊದಲ ಸಂಪುಟದಲ್ಲಿ ಅದು ಸೇರಿದೆ. ಯಾವ ಬಟ್ಟೆ ಎಷ್ಟು ಬೇಕು, ಯಾವುದಕ್ಕೆ ಎಷ್ಟು ರೂಪಾಯಿ ಎಂಬ ಪಟ್ಟಿಯೇ ಅದರಲ್ಲಿದೆ. ತನಗಾದ ಅವಮಾನ ಇನ್ನೊಬ್ಬನಿಗೆ ಆಗಬಾರದು ಎಂಬ ಕಾಳಜಿ ಆ ಪಟ್ಟಿಯಲ್ಲಿದೆ ಎಂದು ನಾನು ಓದಿಕೊಂಡಿದ್ದೇನೆ.

ಗಂಡಸಿನ ಮುಂದೆ ಕೊನೆಗೂ ಒಂದು ಸಿದ್ಧ ಮಾದರಿಯಿತ್ತು: ಸೂಟು. ಸಮುದ್ರ ದಾಟುವ ಭಾರತದ ಹೆಣ್ಣಿಗೆ ಅದೂ ಇರಲಿಲ್ಲ. 1864ರಲ್ಲಿ, ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಹೆಂಡತಿ ಜ್ಞಾನದಾನಂದಿನಿಯನ್ನು ಕಲ್ಕತ್ತದಿಂದ ಮುಂಬಯಿಗೆ ಹಡಗಿನಲ್ಲಿ ಕರೆದೊಯ್ಯಲು ಹೊರಟಾಗ ಎದ್ದ ಮೊದಲ ಪ್ರಶ್ನೆಯೇ ಆಕೆ ಏನು ಉಟ್ಟುಕೊಂಡು ಹೊರಗೆ ಬರಬೇಕು ಎಂಬುದು. ರವಿಕೆ, ಲಂಗವಿಲ್ಲದೆ ಒಳಮನೆಯಲ್ಲಿ ಉಡುವ ಬಂಗಾಳದ ತೆಳು ಸೀರೆಯಲ್ಲಿ ಹಡಗು ಹತ್ತುವಂತಿಲ್ಲ. ಫ್ರೆಂಚ್ ಅಂಗಡಿಯೊಂದರಲ್ಲಿ ಪೌರಸ್ತ್ಯ ಉಡುಪು ಎಂಬ ಹೆಸರಿನಲ್ಲಿ ಏನನ್ನೋ ಹೊಲಿಸಿದರು. ಅದನ್ನು ಇನ್ನೊಬ್ಬರ ಸಹಾಯವಿಲ್ಲದೆ ತೊಡಲೂ ಆಗುತ್ತಿರಲಿಲ್ಲ. ಮುಂಬಯಿಯಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವ ರೀತಿ ನೋಡಿ, ಅದನ್ನು ತನಗೆ ಬೇಕಾದಂತೆ ತಿದ್ದಿಕೊಂಡು, ರವಿಕೆ ಲಂಗಗಳೊಂದಿಗೆ ಸೆರಗನ್ನು ಎಡ ಭುಜಕ್ಕೆ ಹಾಕುವ ಕ್ರಮವನ್ನು ಆಕೆ ಬಂಗಾಳಕ್ಕೆ ತಂದರು. 1877ರಲ್ಲಿ ಗಂಡ ಜೊತೆಗಿಲ್ಲದೆ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನ ಹಡಗನ್ನೂ ಹತ್ತಿದರು. 1883ರಲ್ಲಿ ವೈದ್ಯಕೀಯ ಓದಲು ಅಮೆರಿಕಕ್ಕೆ ಹೊರಟ ಆನಂದಿಬಾಯಿ ಜೋಶಿ, ಹೊರಡುವ ಮೊದಲು ಸೆರಾಂಪೊರಿನ ಕಾಲೇಜಿನಲ್ಲಿ ಎದ್ದು ನಿಂತು ತನ್ನ ಊಟ ಉಡುಪು ಯಾವುದೂ ಬದಲಾಗದು ಎಂದು ಸಾರಿದರು. ಆಗ ಆಕೆಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ.

ಈ ಇಬ್ಬರೂ ಏನು ಉಡಬೇಕೆಂಬ ತೀರ್ಮಾನದಲ್ಲಿ ತಾವೂ ಪಾಲು ಪಡೆದವರು. ಇನ್ನು ಕಸ್ತೂರಬಾ.

1896ರ ನವೆಂಬರ್ ಕೊನೆಯಲ್ಲಿ ಗಾಂಧಿ ಎರಡನೇ ಸಲ ದಕ್ಷಿಣ ಆಫ್ರಿಕಕ್ಕೆ ಹೊರಟರು, ಈ ಬಾರಿ ಸಂಸಾರ ಸಮೇತ. ಹೆಂಡತಿ, ಹರಿಲಾಲ, ಮಣಿಲಾಲ, ಜೊತೆಗೆ ವಿಧವೆ ಅಕ್ಕನ ಒಬ್ಬನೇ ಮಗ. ದಾದಾ ಅಬ್ದುಲ್ಲಾ ಅವರು ಆಗಷ್ಟೇ ಕೊಂಡಿದ್ದ ‘ಕೂರ್‌ಲ್ಯಾಂಡ್’ ಹಡಗು, ಟಿಕೆಟ್ಟಿಗೆ ಕಾಸಿಲ್ಲ. ಹೊರಡುವ ಮುಂಚೆ ಮನೆಯವರ ಬಟ್ಟೆಯನ್ನು ಗಾಂಧಿ ನಿರ್ಧರಿಸಿದರು. ನಾಗರಿಕರೆನಿಸಿಕೊಳ್ಳಬೇಕಾದರೆ ಉಡುಗೆ ನಡವಳಿಕೆ ಸಾಧ್ಯವಾದಷ್ಟೂ ಐರೋಪ್ಯರಿಗೆ ಹತ್ತಿರವಿರಬೇಕು ಎಂದು ಆಗ ಅವರು ನಂಬಿದ್ದರು. ಹೆಂಡತಿ ಮಕ್ಕಳನ್ನು ನೋಡಿದವರು ಕಾಠಿಯಾವಾಡದ ಬನಿಯಾಗಳು ಎನ್ನುವುದು ಅವರಿಗೆ ಬೇಡವಾಗಿತ್ತು. ಪೂರ್ತಿ ಗೌನು ತೊಡಿಸಿದರೆ ಅತಿಯಾಗುತ್ತದೆ. ಭಾರತೀಯರಲ್ಲೆಲ್ಲ ಹೆಚ್ಚು ನಾಗರಿಕರೆಂದು ಆಗ ಹೆಸರಾದವರು ಪಾರ್ಸಿಗಳು. ಹಾಗಾಗಿ ಹೆಂಡತಿಗೆ ಪಾರ್ಸಿ ಸೀರೆ, ಹುಡುಗರಿಗೆ ಪಾರ್ಸಿ ಕೋಟು ಪ್ಯಾಂಟು. ಎಲ್ಲರಿಗೂ ಬೂಟು, ಕಾಲುಚೀಲ. ಊಟಕ್ಕೆ ಕೂತರೆ ಚಾಕು, ಫೋರ್ಕು.

ಜ್ಞಾನದಾನಂದಿನಿಗೆ ಬಾಗಿಲಾಗಿದ್ದ ಪಾರ್ಸಿ ಸೀರೆಯೇ ಇಲ್ಲಿ ಕಟ್ಟಳೆಯಾಗಿ ಬಂತು. ಬೂಟು ಬೆರಳುಗಳನ್ನು ಹಿಂಡಿತು. ಕಾಲುಚೀಲ ಬೆವರಿ ನಾರಿತು. ಬೆರಳು ಹುಣ್ಣಾದವು. ಇದೆಲ್ಲ ನನ್ನ ಕಲ್ಪನೆಯಲ್ಲ, ಗಾಂಧಿಯವರೇ ಬರೆದುಕೊಂಡದ್ದು. ಹೆಂಡತಿ ಮಕ್ಕಳು ಆಕ್ಷೇಪಿಸಿದಾಗಲೆಲ್ಲ ತನ್ನ ಬಳಿ ಉತ್ತರ ಸಿದ್ಧವಿರುತ್ತಿತ್ತು, ಆದರೆ ಅವರನ್ನು ಒಪ್ಪಿಸಿದ್ದು ಉತ್ತರದ ಬಲಕ್ಕಿಂತ ಹೆಚ್ಚಾಗಿ ಅಧಿಕಾರದ ಬಲ ಎಂದೂ ಅವರು ಒಪ್ಪಿಕೊಂಡಿದ್ದಾರೆ. ಚಾಕು ಫೋರ್ಕನ್ನಂತೂ ಅವರು ಇನ್ನೂ ಹೆಚ್ಚು ಹಿಂಜರಿಕೆಯಿಂದ ಹಿಡಿದರು. ಎಂಟು ವರ್ಷದ ಹಿಂದೆ ಅದೇ ಚಾಕು ಫೋರ್ಕಿಗೆ ಹೆದರಿ ಕೋಣೆಯಲ್ಲಿ ಅಡಗಿಕೊಂಡು ಹಣ್ಣು ತಿಂದಿದ್ದ ಹುಡುಗ ಈಗ ಮನೆಯ ಯಜಮಾನ.

ಮನೆಯವರಿಗೆ ಇಷ್ಟೆಲ್ಲ ಬದಲಾವಣೆ ತಂದ ಯಜಮಾನರು ತಮ್ಮ ತಲೆಯ ಮೇಲಿನ ಪೇಟವನ್ನು ಮಾತ್ರ ಬಿಟ್ಟಿರಲಿಲ್ಲ. 1893ರಲ್ಲಿ ಡರ್ಬನ್ನಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಅದನ್ನು ತೆಗೆಯಲು ಹೇಳಿದಾಗ ಒಪ್ಪದೆ ಹೊರಗೆ ಬಂದವರು ಅವರು. ತನ್ನ ತಲೆಯ ಮೇಲಿನದನ್ನು ಇನ್ನೊಬ್ಬ ನಿರ್ಧರಿಸಬಾರದು ಎಂದು ಗೊತ್ತಿದ್ದವರಿಗೆ ಹೆಂಡತಿಯ ಕಾಲಿನ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಹಡಗು ಡಿಸೆಂಬರ್ 18ರ ಹೊತ್ತಿಗೆ ಡರ್ಬನ್ ತಲುಪಿತು. ಯಾರನ್ನೂ ಇಳಿಯಬಿಡಲಿಲ್ಲ. ಮುಂಬಯಿಯಲ್ಲಿ ಪ್ಲೇಗು ಇತ್ತು, ಕ್ವಾರಂಟೈನ್ ಎಂದರು. ಪ್ಲೇಗಿಗಿಂತ ದೊಡ್ಡ ಕಾರಣ ದಡದಲ್ಲಿತ್ತು. ಜೊತೆಯಲ್ಲಿ ಬಂದಿದ್ದ ‘ನಾದೇರಿ’ ಹಡಗನ್ನೂ ಸೇರಿಸಿ ಸುಮಾರು ಎಂಟುನೂರು ಭಾರತೀಯರು ಇಳಿಯುವುದನ್ನು ತಡೆಯಲು ಡರ್ಬನ್ನಿನ ಬಿಳಿಯರು ಸಭೆಯ ಮೇಲೆ ಸಭೆ ಸೇರುತ್ತಿದ್ದರು. ಹಿಂದಿರುಗಿ ಹೋಗದಿದ್ದರೆ ಸಮುದ್ರಕ್ಕೆ ತಳ್ಳುತ್ತೇವೆ ಎಂಬ ಬೆದರಿಕೆ ಹಡಗಿಗೆ ಮುಟ್ಟುತ್ತಿತ್ತು.

ಇದರ ನಡುವೆ ಕ್ರಿಸ್‌ಮಸ್ ಬಂತು. ಮೇಲಿನ ದರ್ಜೆಯ ಪ್ರಯಾಣಿಕರನ್ನು ಕ್ಯಾಪ್ಟನ್ ಊಟಕ್ಕೆ ಕರೆದ. ಅವರಲ್ಲಿ ಮುಖ್ಯರಾದವರು ಗಾಂಧಿ ಮತ್ತು ಅವರ ಕುಟುಂಬ. ನಾನು ಮತ್ತೆ ಮತ್ತೆ ಹಿಂದಿರುಗುವುದು ಈ ಊಟಕ್ಕೆ. ದಡದಲ್ಲಿ ಗುಂಪು ಕಾಯುತ್ತಿದೆ, ಹಡಗಿನಲ್ಲಿ ಹಬ್ಬದ ಮೇಜು. ಊಟವಾದ ಮೇಲಿನ ಭಾಷಣದಲ್ಲಿ ಗಾಂಧಿ ಆಯ್ದುಕೊಂಡ ವಿಷಯ ಪಾಶ್ಚಾತ್ಯ ನಾಗರಿಕತೆ. ಗಂಭೀರ ಮಾತಿಗೆ ಇದು ಸಮಯವಲ್ಲ ಎಂದು ಗೊತ್ತಿದ್ದೂ ಬೇರೆ ಮಾತು ಬರಲಿಲ್ಲ ಎನ್ನುತ್ತಾರೆ. ಪೂರ್ವದ ನಾಗರಿಕತೆಯಂತಲ್ಲದೆ ಪಶ್ಚಿಮದ್ದು ಹೆಚ್ಚಾಗಿ ಬಲಪ್ರಯೋಗದ ಮೇಲೆ ನಿಂತಿದೆ ಎಂದರು. ಒಬ್ಬರು, ಅವರ ನೆನಪಿನ ಪ್ರಕಾರ ಕ್ಯಾಪ್ಟನ್ನೇ, ಆ ಜನ ಬೆದರಿಕೆಯನ್ನು ನಿಜ ಮಾಡಿದರೆ ನಿಮ್ಮ ಅಹಿಂಸೆ ಏನಾಗುತ್ತದೆ ಎಂದು ಕೇಳಿದರು. ಅವರನ್ನು ಕ್ಷಮಿಸುವ ಧೈರ್ಯವನ್ನೂ ವಿವೇಕವನ್ನೂ ದೇವರು ಕೊಡಲಿ ಎಂದು ಆಶಿಸುತ್ತೇನೆ ಎಂಬುದು ಉತ್ತರದ ಸಾರ. ಕೇಳಿದವರು ನಕ್ಕರು, ಬಹುಶಃ ನಂಬದೆ.

ಗಾಂಧಿಯ ಜೀವನಚರಿತ್ರೆಗಳು ಇಲ್ಲಿ ಆ ಉತ್ತರದ ಮೇಲೆ ನಿಲ್ಲುತ್ತವೆ, ನಿಲ್ಲಬೇಕಾದದ್ದೇ. ಉಡುಪಿನ ಮೂಲಕ ಗಾಂಧಿಯನ್ನು ಓದಿದ ಎಮ್ಮಾ ಟಾರ್ಲೊ ಅವರ ‘ಕ್ಲೋತಿಂಗ್ ಮ್ಯಾಟರ್ಸ್’ (1996) ಕೂಡ ಕಣ್ಣಿಡುವುದು ಹೆಚ್ಚಾಗಿ ಗಾಂಧಿಯ ಮೈಮೇಲಿನ ಬಟ್ಟೆಯ ಮೇಲೆ. ನನ್ನ ಕಣ್ಣು ಮೇಜಿನ ಕೆಳಗೆ ಹೋಗುತ್ತದೆ. ಪಶ್ಚಿಮದ ನಾಗರಿಕತೆ ಬಲಾತ್ಕಾರದ್ದು ಎಂಬ ಮಾತು ಮೇಜಿನ ಮೇಲೆ ನಡೆಯುತ್ತಿರುವಾಗ, ಅದೇ ನಾಗರಿಕತೆಯ ಹೆಸರಿನಲ್ಲಿ ತೊಡಿಸಿದ ಬೂಟಿನೊಳಗೆ ಬೆರಳುಗಳು ನೋಯುತ್ತಿದ್ದವು. ಇಂಗ್ಲಿಷಿನ ಆ ಭಾಷಣ ಕಸ್ತೂರಬಾಗೆ ಅರ್ಥವಾಗುವ ಹಾಗಿರಲಿಲ್ಲ. ಬೂಟು ಅರ್ಥವಾಗಿತ್ತು.

ಗಾಂಧಿಯವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಸುಲಭ, ಸಾಕ್ಷಿ ಹೇಳುವವರೂ ಅವರೇ ಆಗಿರುವಾಗ ಇನ್ನೂ ಸುಲಭ. 1925ರಿಂದ ‘ನವಜೀವನ’ದಲ್ಲಿ ವಾರವಾರ ಆತ್ಮಕಥೆ ಬರೆಯುವಾಗ, ಮೂವತ್ತು ವರ್ಷ ಹಿಂದಿನ ಕಾಲುಚೀಲದ ನಾತವನ್ನು ನೆನೆಯುವ ಅಗತ್ಯ ಅವರಿಗಿರಲಿಲ್ಲ. ಆ ಕಾಲದ ಬೇರೆ ಎಷ್ಟು ಗಂಡಂದಿರು ಹೆಂಡತಿಯ ಹುಣ್ಣಾದ ಬೆರಳನ್ನು ಅಚ್ಚಿಗೆ ಕೊಟ್ಟಾರು? ಆದರೂ ಹೇಳಿದವರು ಗಂಡನೇ. ಬೆರಳಿನ ಒಡತಿಯ ಮಾತು ಆ ಪುಟದಲ್ಲಿಲ್ಲ.

ಇಪ್ಪತ್ತಮೂರು ದಿನಗಳ ತಡೆ ಮುಗಿದು 1897ರ ಜನವರಿ 13ರಂದು ಇಳಿಯಲು ಅಪ್ಪಣೆ ಸಿಕ್ಕಿತು. ಕಸ್ತೂರಬಾ ಮತ್ತು ಮಕ್ಕಳನ್ನು ಗಾಡಿಯಲ್ಲಿ ಪಾರ್ಸಿ ರುಸ್ತುಂಜಿಯವರ ಮನೆಗೆ ಮೊದಲೇ ಕಳಿಸಲಾಯಿತು. ಗಾಂಧಿ ವಕೀಲ ಲಾಟನ್ ಅವರ ಜೊತೆ ನಡೆದು ಹೊರಟರು. ಗುರುತು ಹಿಡಿದ ಗುಂಪು ಕಲ್ಲು, ಕೊಳೆತ ಮೊಟ್ಟೆ ಎಸೆಯಿತು. ಯಾರೋ ಪೇಟವನ್ನು ಕಿತ್ತುಕೊಂಡರು. ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ತಮ್ಮ ಕೊಡೆ ಬಿಚ್ಚಿ ನಡುವೆ ನಿಂತದ್ದರಿಂದ ಜೀವ ಉಳಿಯಿತು. ರಾತ್ರಿ ರುಸ್ತುಂಜಿಯವರ ಮನೆಯನ್ನೂ ಗುಂಪು ಮುತ್ತಿತು. ಸೂಪರಿಂಟೆಂಡೆಂಟರು ಜನರನ್ನು ಹಾಡು ಹೇಳಿ ನಗಿಸುತ್ತಿರುವಾಗ ಗಾಂಧಿ ಭಾರತೀಯ ಕಾನ್‌ಸ್ಟೇಬಲ್‌ನ ಸಮವಸ್ತ್ರ ತೊಟ್ಟು ಹೊರಬಿದ್ದರು. ತಲೆಗೆ ಏಟು ಬಿದ್ದರೆ ತಡೆಯಲಿ ಎಂದು ಒಂದು ತಟ್ಟೆ ಇಟ್ಟು, ಅದರ ಸುತ್ತ ಮದ್ರಾಸಿ ವಸ್ತ್ರ ಸುತ್ತಿಕೊಂಡಿದ್ದರು. ನಾಗರಿಕರ ಹಾಗೆ ಉಂಡು ಉಟ್ಟು ಬಂದವರಿಗೆ ಊರು ಕೊಟ್ಟ ಸ್ವಾಗತದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಆ ತಟ್ಟೆ.

ಆಮೇಲಿನ ಹಡಗುಗಳ ಕಥೆಯನ್ನು ಬೇಗ ಹೇಳಿಬಿಡಬಹುದು. 1914ರಲ್ಲಿ ಗಂಡ ಹೆಂಡತಿ ಇಬ್ಬರೂ ಕೇಪ್‌ಟೌನಿನಿಂದ ಮೂರನೇ ದರ್ಜೆಯಲ್ಲಿ ಲಂಡನ್ನಿಗೆ ಹೋದರು, ಹಣ್ಣು ಮತ್ತು ಒಣಬೀಜಗಳ ಊಟ. ಅಲ್ಲಿಂದ ಭಾರತಕ್ಕೆ ಬರುವಾಗ ಪಿ ಅಂಡ್ ಒ ಹಡಗಿನಲ್ಲಿ ಮೂರನೇ ದರ್ಜೆಯೇ ಇಲ್ಲದ್ದರಿಂದ ಎರಡನೆಯದರಲ್ಲಿ ಬಂದರು. 1915ರ ಜನವರಿ 9ರಂದು ಮುಂಬಯಿಯಲ್ಲಿ ಇಳಿದ ಗಾಂಧಿ ಕಾಠಿಯಾವಾಡಿ ಅಂಗಿ, ಪೇಟ, ಪಂಚೆಯಲ್ಲಿದ್ದರು. ಯಾವ ಗುರುತು ಬೇಡವೆಂದು ಮನೆಯವರಿಗೆ ಪಾರ್ಸಿ ಬಟ್ಟೆ ತೊಡಿಸಿದ್ದರೋ ಅದೇ ಗುರುತಿನಲ್ಲಿ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ‘ರಾಜಪುತಾನಾ’ ಹತ್ತಿದಾಗ ತುಂಡು ಪಂಚೆ, ಶಾಲು. ಸಂಗಡಿಗರು ತುಂಬಿ ತಂದಿದ್ದ ಪೆಟ್ಟಿಗೆಗಳನ್ನು ಕಂಡು ಸಿಡುಕಿ, ಹೆಚ್ಚಾದವನ್ನು ಏಡನ್ನಿನಿಂದಲೇ ಹಿಂದಕ್ಕೆ ಕಳಿಸಿದರು. ಆ ಹಡಗಿನಲ್ಲಿ ಕಸ್ತೂರಬಾ ಇರಲಿಲ್ಲ.

ಈ ಕಥೆಯನ್ನು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಭಾಷಣದ ಭಾಗ ಹಿಡಿಸಲಿಲ್ಲ. ‘ಹನ್ನೆರಡು ಗಂಟೆ ಬೂಟಿನಲ್ಲಿ ನಿಂತು ನೋಡಕ್ಕ, ಆಮೇಲೆ ಬರಿ’ ಎಂದ. ನಂತರ, ‘ಹಾಗಾದ್ರೆ ಅವ್ರು ಬೂಟು ಬಿಟ್ಟದ್ದು ಯಾವಾಗ?’ ಎಂದು ಕೇಳಿದ.

ಅದಕ್ಕೆ ಉತ್ತರ ಕೂರ್‌ಲ್ಯಾಂಡಿನ ಅಧ್ಯಾಯದಲ್ಲೇ ಇದೆ. ಗಾಂಧಿಗೆ ನಾಗರಿಕತೆಯ ಈ ಚಿಹ್ನೆಗಳ ಮೋಹ ಕಳೆದಾಗ ಮನೆಯವರು ಚಾಕು ಫೋರ್ಕನ್ನೂ ಬಿಟ್ಟರು. ಹಾಗೆ ಬರೆದ ಮೇಲೆ ಅವರು ಇನ್ನೊಂದು ವಾಕ್ಯ ಸೇರಿಸುತ್ತಾರೆ: ಅಷ್ಟು ಕಾಲ ಹೊಸದಕ್ಕೆ ಒಗ್ಗಿಹೋಗಿದ್ದವರಿಗೆ ಹಳೆಯದಕ್ಕೆ ಮರಳುವುದೂ ಪ್ರಾಯಶಃ ಅಷ್ಟೇ ಕಷ್ಟವಾಗಿರಬೇಕು. ಅದನ್ನು ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಊಟದ ಗಂಟೆಯಾಯಿತು, ಟೈ ಕಟ್ಟಬೇಕು ಎಂದು ಇಟ್ಟುಬಿಟ್ಟ.